ಸಿಸ್ಟಿಕ್ ಫೈಬ್ರೋಸಿಸ್ ಪೀಡಿತ ಮಕ್ಕಳಲ್ಲಿ ಶ್ವಾಸಕೋಶದ ಆರಂಭಿಕ ಸೋಂಕಿನ ಚಿಕಿತ್ಸೆ

ಸಿಸ್ಟಿಕ್ ಫೈಬ್ರೋಸಿಸ್ ಎಂಬುದು ತಂದೆತಾಯಿಗಳಿಬ್ಬರಿಂದಲೂ ದೋಷಯುಕ್ತ ಜೀನ್ ಬಂದಾಗ ಕಾಣಿಸಿಕೊಳ್ಳುವ ಆನುವಂಶಿಕ ಕಾಯಿಲೆ. ಏಳನೆಯ ವರ್ಣತಂತುವಿನ ಮೇಲಿರುವ ಸಿಎಫ್‌ಟಿಆರ್ ಎಂಬ ಈ ಜೀನನ್ನು 1989ರಲ್ಲಿ ಗುರುತಿಸಲಾಯಿತು. ಇದು ಕೆಟ್ಟಾಗ ಶ್ವಾಸನಾಳದ ಲೋಳೆ ಅಂಟಾಗಿ ಅಲ್ಲಿಯೇ ನಿಲ್ಲುತ್ತದೆ. ನಿಂತ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ. ಎಳೆಯ ವಯಸ್ಸಿನಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಹೆಚ್ಚು. ಅತಿ ಹೆಚ್ಚು ಹಾನಿ ಮಾಡುವವುಗಳಲ್ಲಿ ಸ್ಯೂಡೋಮೊನಾಸ್ ಏರುಜಿನೋಸ ಪ್ರಮುಖವಾದುದು.

ಆರಂಭಿಕ ಚಿಕಿತ್ಸೆಯ ಮಹತ್ವ

ಹೊಸದಾಗಿ ಸೇರಿದ ಸ್ಯೂಡೋಮೊನಾಸ್ ಸಾಮಾನ್ಯವಾಗಿ ಔಷಧಕ್ಕೆ ಮಣಿಯುತ್ತದೆ. ಕಾಲ ಕಳೆದಂತೆ ಅದು ತನ್ನ ಸುತ್ತ ಲೋಳೆಯಂಥ ಕವಚ ಕಟ್ಟಿಕೊಳ್ಳುತ್ತದೆ. ಬಳಿಕ ಅದನ್ನು ಪೂರ್ಣವಾಗಿ ನಿರ್ಮೂಲಗೊಳಿಸುವುದು ಬಹುಮಟ್ಟಿಗೆ ಸಾಧ್ಯವಾಗದು. ಆದುದರಿಂದ ಮಗು ಲವಲವಿಕೆಯಿಂದ ಆಡಿಕೊಂಡಿದ್ದರೂ ಪರೀಕ್ಷೆಯಲ್ಲಿ ಈ ಬ್ಯಾಕ್ಟೀರಿಯಾ ಕಂಡೊಡನೆ ಚಿಕಿತ್ಸೆ ಆರಂಭಿಸುತ್ತಾರೆ. ಆರೋಗ್ಯವಾಗಿ ಕಾಣುವ ಮಗುವಿಗೆ ಔಷಧವೇಕೆಂದು ಪಾಲಕರು ಕೇಳುವುದು ಸಹಜವೇ. ಚಿಕ್ಕ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲವಾದ್ದರಿಂದ, ಸುಮಾರು ಮೂರು ತಿಂಗಳಿಗೊಮ್ಮೆ ಗಂಟಲಿನಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆದು ಕಲ್ಚರ್ ಪರೀಕ್ಷೆಗೆ ಕಳುಹಿಸಲಾಗುತ್ತದೆ.

ಚಿಕಿತ್ಸಾ ಕ್ರಮ

ಪ್ರಚಲಿತವಾದ ಒಂದು ಕ್ರಮದಲ್ಲಿ 300 ಮಿ.ಗ್ರಾಂ ಟೋಬ್ರಾಮೈಸಿನ್ ಔಷಧವನ್ನು ದಿನಕ್ಕೆರಡು ಬಾರಿ, 28 ದಿನ, ನೆಬ್ಯುಲೈಸರ್ ಮೂಲಕ ಉಸಿರಿನೊಡನೆ ಕೊಡುತ್ತಾರೆ. ಇನ್ನೊಂದರಲ್ಲಿ ಬಾಯಿಯ ಮೂಲಕ ಸಿಪ್ರೊಫ್ಲಾಕ್ಸಾಸಿನ್, ಉಸಿರಿನ ಮೂಲಕ ಕೊಲಿಸ್ಟಿನ್. ಆಸ್ಪತ್ರೆಯಲ್ಲಿ ಮಲಗಿಸಿ ರಕ್ತನಾಳಕ್ಕೆ ಔಷಧ ಕೊಡುವುದೇ ಮೇಲೆಂಬ ಭಾವನೆಯನ್ನು ಬ್ರಿಟನ್ ಮತ್ತು ಇಟಲಿಯಲ್ಲಿ ನಡೆದ ಟಾರ್ಪಿಡೊ-ಸಿಎಫ್ ಅಧ್ಯಯನ ಪರೀಕ್ಷಿಸಿತು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಸೋಂಕು ನಿವಾರಣೆಯಾಗಿ 15 ತಿಂಗಳವರೆಗೆ ಮರಳದಿದ್ದವರು ರಕ್ತನಾಳದ ಚಿಕಿತ್ಸೆ ಪಡೆದವರಲ್ಲಿ ಶೇ. 44, ಬಾಯಿಯ ಮೂಲಕ ಪಡೆದವರಲ್ಲಿ ಶೇ. 52. ಎರಡೂ ಗುಂಪಿಗೆ ಕೊಲಿಸ್ಟಿನ್ ಇತ್ತು. ದೂರದ ಹಳ್ಳಿಯ ಕುಟುಂಬಗಳಿಗೆ ಇದು ಅನುಕೂಲದ ಸಂಗತಿ. ಆದರೆ ಔಷಧದ ಆಯ್ಕೆ ಮತ್ತು ಪ್ರಮಾಣವನ್ನು ತಜ್ಞವೈದ್ಯರೇ ನಿರ್ಧರಿಸಬೇಕು. ಸ್ಯೂಡೋಮೊನಾಸ್ ತೇವದಲ್ಲಿ ಬೆಳೆಯುವುದರಿಂದ ನೆಬ್ಯುಲೈಸರ್ ಬಟ್ಟಲನ್ನು ತೊಳೆದು, ತಯಾರಕರ ಸೂಚನೆಯಂತೆ ಕುದಿಸಿ, ಪೂರ್ಣ ಒಣಗಿಸಬೇಕು. ಲೋಳೆ ಸಡಿಲಿಸುವ ಎದೆಯ ವ್ಯಾಯಾಮವನ್ನು ನಿತ್ಯ ಮಾಡಿಸಬೇಕು.

ವಿಜಯಪುರ ಜಿಲ್ಲೆಯ ಸಂದರ್ಭ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳನ್ನೊಳಗೊಂಡ ಉತ್ತರ ಕರ್ನಾಟಕದಲ್ಲಿ ಸೋದರಮಾವನೊಡನೆ ಅಥವಾ ಅತ್ತೆಯ ಮಗನೊಡನೆ ಮದುವೆ ಮಾಡುವ ರೂಢಿ ಹಳೆಯದು. ಇಂಥ ದಂಪತಿಗಳಲ್ಲಿ ಒಂದೇ ದೋಷಯುಕ್ತ ಜೀನ್ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಇಬ್ಬರೂ ವಾಹಕರಾದರೆ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಭಾರತದಲ್ಲಿ ಈ ಕಾಯಿಲೆ ಇಲ್ಲವೆಂದೇ ಬಹುಕಾಲ ಭಾವಿಸಲಾಗಿತ್ತು. ಇಂದಿಗೂ ಕೆಮ್ಮು, ತೂಕ ಏರದಿರುವುದು, ಜಿಡ್ಡಿನ ಮಲ ಇವುಗಳನ್ನು ಕ್ಷಯ ಅಥವಾ ಅಪೌಷ್ಟಿಕತೆ ಎಂದು ತಿಳಿಯುವುದುಂಟು. ಆರಂಭಿಕ ಚಿಕಿತ್ಸೆಯ ಅವಕಾಶ ಹೀಗೆಯೇ ಕೈತಪ್ಪುತ್ತದೆ. ಮುದ್ದಿಟ್ಟಾಗ ಮಗುವಿನ ಚರ್ಮ ಉಪ್ಪುಪ್ಪಾಗಿದ್ದರೆ ತಾಯಿ ಅದನ್ನು ವೈದ್ಯರಿಗೆ ತಿಳಿಸುವುದು ಒಳಿತು: ಬೆವರಿನ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಕಾಯಿಲೆಯ ನಿರ್ಣಯಕ್ಕೆ ಬಲವಾದ ಆಧಾರ ದೊರೆಯುತ್ತದೆ. ಇಲ್ಲಿನ ಕಡುಬೇಸಿಗೆಯಲ್ಲಿ ಬೆವರಿನೊಡನೆ ಉಪ್ಪು ನಷ್ಟವಾಗಿ ಇಂಥ ಮಕ್ಕಳು ದಿಢೀರನೆ ನಿತ್ರಾಣರಾಗಬಹುದಾದ್ದರಿಂದ, ವೈದ್ಯರ ಸಲಹೆಯಂತೆ ಹೆಚ್ಚುವರಿ ಉಪ್ಪು, ನೀರು ಕೊಡಲಾಗುತ್ತದೆ. ವಿರಳ ರೋಗಗಳ ರಾಷ್ಟ್ರೀಯ ನೀತಿ 2021ರ ಅಡಿಯಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವು ಇಂದಿರಾ ಗಾಂಧಿ ಆಸ್ಪತ್ರೆಯೊಡನೆ ಉತ್ಕೃಷ್ಟತಾ ಕೇಂದ್ರವಾಗಿದೆ.