ಅಮೆರಿಕದ ಎಲ್‌ಪಿಎನ್: ತರಬೇತಿಯ ದಾರಿ ಮತ್ತು ಕೆಲಸದ ಲೆಕ್ಕ

ಅಮೆರಿಕದ ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್, ಅಂದರೆ ಎಲ್‌ಪಿಎನ್ ವೃತ್ತಿಯ ಭವಿಷ್ಯದ ಬಗ್ಗೆ ಎರಡು ಅಂಕಿಗಳು ಓಡಾಡುತ್ತಿವೆ. ಅಲ್ಲಿನ ಸರ್ಕಾರಿ ಕಾರ್ಮಿಕ ಅಂಕಿಅಂಶ ಸಂಸ್ಥೆಯ ಅಂದಾಜಿನಂತೆ 2024ರಿಂದ 2034ರವರೆಗೆ ಈ ಹುದ್ದೆಗಳು ಹೆಚ್ಚುವುದು ಶೇ. 3ರಷ್ಟು ಮಾತ್ರ. ಅದೇ ಸಂಸ್ಥೆ ವರ್ಷಕ್ಕೆ ಸುಮಾರು 54,000 ಜಾಗಗಳು ಖಾಲಿಯಾಗುತ್ತವೆ ಎಂದೂ ಹೇಳುತ್ತದೆ. ಎರಡನ್ನೂ ಕೂಡಿಸಿ ಓದಬೇಕು. ಒಟ್ಟು ಹುದ್ದೆಗಳು ಆರೂವರೆ ಲಕ್ಷದಷ್ಟು. ಅದರಲ್ಲಿ ಶೇ. 3 ಎಂದರೆ ಹತ್ತು ವರ್ಷಕ್ಕೆ 20,000, ವರ್ಷಕ್ಕೆ 2,000ದ ಆಸುಪಾಸು. ಮಿಕ್ಕ 50,000ಕ್ಕೂ ಹೆಚ್ಚು ಜಾಗಗಳು ಇದ್ದವರು ಬಿಟ್ಟುಹೋದದ್ದರಿಂದ ತೆರವಾಗುವಂಥವು: ಕೆಲವರು ನಿವೃತ್ತರಾಗುತ್ತಾರೆ, ಕೆಲವರು ಬೇರೆ ವೃತ್ತಿ ಹಿಡಿಯುತ್ತಾರೆ, ಕೆಲವರು ಓದು ಮುಂದುವರಿಸಿ ಮೇಲಿನ ದರ್ಜೆಯ ರಿಜಿಸ್ಟರ್ಡ್ ನರ್ಸ್ (ಆರ್‌ಎನ್) ಆಗುತ್ತಾರೆ. ಜನ ಬಂದು ಹೋಗುತ್ತಲೇ ಇರುವ ವೃತ್ತಿ ಇದು. ಹಾಗಾಗಿ ತರಬೇತಿಗೆ ಸೇರುವಾಗಲೇ ಮುಂದಿನ ಮೆಟ್ಟಿಲು ಯಾವುದೆಂದು ನೋಡಿಕೊಂಡವರಿಗೆ ಮಾತ್ರ ಇದು ಒಳ್ಳೆಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ.

ಈ ವರ್ಗದ ನರ್ಸ್‌ಗಳಿಗೆ ಮೊದಲು ಪರವಾನಗಿ ಕಾನೂನು ಮಾಡಿದ ರಾಜ್ಯ ಮಿಸಿಸಿಪ್ಪಿ, 1914ರಲ್ಲಿ. 1955ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಅಂಥ ಕಾನೂನು ಬಂದಿತ್ತು. ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಇವರನ್ನು ಎಲ್‌ವಿಎನ್ (ಲೈಸೆನ್ಸ್ಡ್ ವೊಕೇಷನಲ್ ನರ್ಸ್) ಎನ್ನುತ್ತಾರೆ, ಕೆಲಸ ಒಂದೇ. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಎಲ್‌ಪಿಎನ್‌ಗಳು ದುಡಿಯುವುದು ವೃದ್ಧರ ಆರೈಕೆಯ ನರ್ಸಿಂಗ್ ಹೋಮ್‌ಗಳಲ್ಲಿ ಮತ್ತು ಅಂಥ ವಸತಿ ಕೇಂದ್ರಗಳಲ್ಲಿ. (ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ, ಇಲ್ಲಿ ಆ ಅರ್ಥವಲ್ಲ.) ಇದಕ್ಕೆ ಒಂದು ಕಾರಣ 1987ರ ಫೆಡರಲ್ ಕಾನೂನಿನಲ್ಲಿದೆ. ಮೆಡಿಕೇರ್, ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗಳ ಹಣ ಪಡೆಯುವ ನರ್ಸಿಂಗ್ ಹೋಮ್‌ನಲ್ಲಿ ದಿನದ 24 ಗಂಟೆಯೂ ಪರವಾನಗಿ ಇರುವ ನರ್ಸ್ ಇರಬೇಕು, ಆದರೆ ರಿಜಿಸ್ಟರ್ಡ್ ನರ್ಸ್ ದಿನಕ್ಕೆ 8 ಗಂಟೆ ಇದ್ದರೆ ಸಾಕು ಎಂದು ಆ ಕಾನೂನು ಹೇಳುತ್ತದೆ. ಮಿಕ್ಕ 16 ಗಂಟೆಯ ಹೊಣೆಯನ್ನು ಎಲ್‌ಪಿಎನ್ ಹೊತ್ತರೆ ಕಾನೂನಿಗೆ ಅಡ್ಡಿಯಿಲ್ಲ. ರಾತ್ರಿ ಪಾಳಿಯ ಬೇಡಿಕೆ ಬಂದಿರುವುದು ಇಲ್ಲಿಂದ.

ಆ ಪಾಳಿಯ ಕೆಲಸವನ್ನು ಹತ್ತಿರದಿಂದ ನೋಡಿದರೆ ಹೊಣೆಯ ತೂಕ ತಿಳಿಯುತ್ತದೆ. ಬೀಗವಿರುವ ಔಷಧದ ಗಾಡಿ ತಳ್ಳಿಕೊಂಡು ಎಲ್‌ಪಿಎನ್ ಕೋಣೆಯಿಂದ ಕೋಣೆಗೆ ಹೋಗುತ್ತಾಳೆ. ಹೆಸರು, ಔಷಧ, ಪ್ರಮಾಣ, ಹೊತ್ತು, ಕೊಡುವ ಬಗೆ, ಎಲ್ಲವನ್ನೂ ದಾಖಲೆಯೊಂದಿಗೆ ತಾಳೆ ನೋಡಿ ಮಾತ್ರೆ ಕೊಡಬೇಕು. ನುಂಗಲಾಗದ ಅಜ್ಜಿಗೆ ಮಾತ್ರೆ ಅರೆದು ಸೇಬಿನ ಗೊಜ್ಜಿನಲ್ಲಿ ಕಲಸಿ ಕೊಡುವುದುಂಟು. ಆದರೆ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಅರೆದರೆ ದಿನವಿಡೀ ಇಳಿಯಬೇಕಾದ ಔಷಧ ಒಂದೇ ಸಲಕ್ಕೆ ಮೈಗೆ ಸೇರಿ ಅಪಾಯವಾಗುತ್ತದೆ. ಯಾವುದನ್ನು ಅರೆಯಬಹುದು, ಯಾವುದನ್ನು ಅರೆಯಕೂಡದು ಎಂಬುದು ಅವಳಿಗೆ ಗೊತ್ತಿರಬೇಕು. ಜೊತೆಗೆ ಸಕ್ಕರೆ ಪರೀಕ್ಷೆ, ಇನ್ಸುಲಿನ್, ಹಾಸಿಗೆ ಹುಣ್ಣಿನ ಡ್ರೆಸ್ಸಿಂಗ್, ಕ್ಯಾತಿಟರ್. ಉಸಿರಾಟದಲ್ಲಿ ಏರುಪೇರು ಕಂಡರೆ ಬರೆದಿಟ್ಟು ರಿಜಿಸ್ಟರ್ಡ್ ನರ್ಸ್‌ಗೋ ವೈದ್ಯರಿಗೋ ತಿಳಿಸಬೇಕು. ರೋಗಿಯ ಸಮಗ್ರ ಮೌಲ್ಯಮಾಪನ ಮಾಡಿ ಆರೈಕೆಯ ಯೋಜನೆ ರೂಪಿಸುವ ಅಧಿಕಾರ ಸಾಮಾನ್ಯವಾಗಿ ಅವಳಿಗಿಲ್ಲ. ರಕ್ತನಾಳಕ್ಕೆ ನೇರವಾಗಿ ಔಷಧ ಕೊಡುವ ವಿಷಯದಲ್ಲಿ ಒಂದೊಂದು ರಾಜ್ಯದ ನಿಯಮ ಒಂದೊಂದು ಬಗೆ.

ಇಷ್ಟು ಹೊಣೆ ಹೊರುವವರನ್ನು ನೀತಿ ರೂಪಿಸುವವರು ಮತ್ತೆ ಮತ್ತೆ ಲೆಕ್ಕದಿಂದ ಹೊರಗಿಟ್ಟಿದ್ದಾರೆ. 1965ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಪದವಿ ಪಡೆದವರು, ಎರಡು ವರ್ಷದ ಕಾಲೇಜು ಓದಿದವರು ಎಂಬ ಎರಡೇ ದರ್ಜೆಗಳನ್ನು ಪ್ರಸ್ತಾಪಿಸಿತು. ಒಂದು ವರ್ಷದ ತರಬೇತಿಯವರಿಗೆ ಅದರಲ್ಲಿ ಜಾಗವಿರಲಿಲ್ಲ. 1980ರ ದಶಕದಲ್ಲಿ ಹಲವು ಆಸ್ಪತ್ರೆಗಳು ವಾರ್ಡುಗಳಿಗೆ ರಿಜಿಸ್ಟರ್ಡ್ ನರ್ಸ್‌ಗಳನ್ನೇ ತುಂಬತೊಡಗಿದವು. 2024ರಲ್ಲಿ ನರ್ಸಿಂಗ್ ಹೋಮ್‌ಗಳಿಗೆ ಕನಿಷ್ಠ ಸಿಬ್ಬಂದಿ ನಿಯಮ ಬಂದಾಗ, ಪ್ರತಿ ನಿವಾಸಿಗೆ ದಿನಕ್ಕೆ ಒಟ್ಟು 3.48 ಗಂಟೆಯ ಆರೈಕೆ ಎಂದು ನಿಗದಿಯಾಯಿತು. ಅದರಲ್ಲಿ 0.55 ಗಂಟೆ ರಿಜಿಸ್ಟರ್ಡ್ ನರ್ಸ್‌ಗೆ, 2.45 ಗಂಟೆ ನರ್ಸಿಂಗ್ ಸಹಾಯಕಿಗೆ. ಎಲ್‌ಪಿಎನ್‌ಗೆ ಪ್ರತ್ಯೇಕ ಪಾಲೇ ಇರಲಿಲ್ಲ. ಮಿಕ್ಕ ಅರ್ಧ ಗಂಟೆಯೊಳಗಿನ ಅವಧಿಯನ್ನು ಯಾವ ದರ್ಜೆಯ ನರ್ಸಿಂಗ್ ಸಿಬ್ಬಂದಿಯಿಂದ ಬೇಕಾದರೂ ತುಂಬಿಸಬಹುದಿತ್ತು. 2025ರ ಏಪ್ರಿಲ್‌ನಲ್ಲಿ ಟೆಕ್ಸಾಸಿನ ಫೆಡರಲ್ ನ್ಯಾಯಾಲಯ ಆ ನಿಯಮವನ್ನು ರದ್ದುಮಾಡಿತು. ಸಿಬ್ಬಂದಿ ಹೆಚ್ಚಬೇಕೆಂಬ ಉದ್ದೇಶ ಸರಿಯಾದದ್ದೇ. ರಾತ್ರಿಯಿಡೀ ಔಷಧದ ಗಾಡಿ ತಳ್ಳುವವಳನ್ನು ಎಣಿಸದೆ ಬಿಟ್ಟದ್ದು ಮಾತ್ರ ದೊಡ್ಡ ಅನ್ಯಾಯ.

ಸಂಬಳದಲ್ಲೂ ಅಂತರ ದೊಡ್ಡದು. 2024ರ ಮೇ ತಿಂಗಳ ಲೆಕ್ಕದಲ್ಲಿ ಎಲ್‌ಪಿಎನ್‌ಗಳ ಮಧ್ಯಮಾಂಕ ವಾರ್ಷಿಕ ವೇತನ 62,340 ಡಾಲರ್, ರಿಜಿಸ್ಟರ್ಡ್ ನರ್ಸ್‌ಗಳದ್ದು 93,600.

ತರಬೇತಿ ಸುಮಾರು ಒಂದು ವರ್ಷದ್ದು. ಹೈಸ್ಕೂಲ್ ಮುಗಿಸಿದವರು ಕಮ್ಯುನಿಟಿ ಕಾಲೇಜಿಗೋ ವೃತ್ತಿ ಶಾಲೆಗೋ ಸೇರಬಹುದು; ಶಾಲೆಗೆ ರಾಜ್ಯದ ನರ್ಸಿಂಗ್ ಮಂಡಳಿಯ ಮಾನ್ಯತೆ ಇರಲೇಬೇಕು. ಆಮೇಲೆ ಪರವಾನಗಿಗಾಗಿ ಎನ್‌ಕ್ಲೆಕ್ಸ್-ಪಿಎನ್ ಪರೀಕ್ಷೆ: 5 ಗಂಟೆ, 85ರಿಂದ 150 ಪ್ರಶ್ನೆ. ಕೊಟ್ಟ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆಯ ಕಷ್ಟವನ್ನು ಏರಿಸುತ್ತದೆ, ಇಳಿಸುತ್ತದೆ. 2023ರ ಏಪ್ರಿಲ್‌ನಿಂದ ರೋಗಿಯ ಪ್ರಕರಣ ಕೊಟ್ಟು ತೀರ್ಮಾನ ಕೇಳುವ ಪ್ರಶ್ನೆಗಳೂ ಸೇರಿವೆ. ಇಲ್ಲಿಂದ ಮೇಲೇರಲು ಸೇತುಬಂಧ ಕೋರ್ಸುಗಳಿವೆ; ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ ಓದಿ ಎನ್‌ಕ್ಲೆಕ್ಸ್-ಆರ್‌ಎನ್ ಬರೆಯಬಹುದು. ತೊಡಕಿರುವುದು ಓದಿದ ವಿಷಯಗಳಿಗೆ ಸಿಗುವ ಕ್ರೆಡಿಟ್‌ಗಳಲ್ಲಿ. ಲಾಭಕ್ಕಾಗಿ ನಡೆಯುವ ಎಷ್ಟೋ ಖಾಸಗಿ ವೃತ್ತಿ ಶಾಲೆಗಳ ಕ್ರೆಡಿಟ್‌ಗಳನ್ನು ಕಾಲೇಜುಗಳು ಒಪ್ಪುವುದಿಲ್ಲ. ಆಗ ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿ ಶಾಸ್ತ್ರಗಳನ್ನು ಮತ್ತೆ ಹಣ ಕಟ್ಟಿ ಓದಬೇಕಾಗುತ್ತದೆ. ಹಗಲು ಮಕ್ಕಳು, ರಾತ್ರಿ ಪಾಳಿ ಎಂದು ಬದುಕುವ ಹೆಂಗಸಿಗೆ ಅದು ವರ್ಷಗಟ್ಟಲೆ ಹಿಂದೆ ಬಿದ್ದಂತೆ.

ಕನ್ನಡಿಗರಿಗೆ ಇದರ ಸಂಬಂಧ ಎರಡು ಕಡೆ ಇದೆ. ಕರ್ನಾಟಕದಲ್ಲಿ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ಅಮೆರಿಕಕ್ಕೆ ಹೋಗಬಯಸುವವರ ದಾರಿ ಎನ್‌ಕ್ಲೆಕ್ಸ್-ಆರ್‌ಎನ್. ಅದರ ಪರೀಕ್ಷಾ ಕೇಂದ್ರ ಬೆಂಗಳೂರಿನಲ್ಲೇ ಇದೆ. ಗ್ರೀನ್ ಕಾರ್ಡ್ ಪ್ರಕ್ರಿಯೆಯನ್ನು ಸರಳಗೊಳಿಸುವ ‘ಶೆಡ್ಯೂಲ್ ಎ’ ಪಟ್ಟಿಯಲ್ಲಿರುವುದೂ ರಿಜಿಸ್ಟರ್ಡ್ ನರ್ಸ್‌ಗಳೇ, ಎಲ್‌ಪಿಎನ್ ಅದರಲ್ಲಿಲ್ಲ. ಹಾಗಾಗಿ ಎಲ್‌ಪಿಎನ್ ಹೆಸರಿನಲ್ಲಿ ಸುಲಭದ ವಲಸೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಇನ್ನು ಅಮೆರಿಕದಲ್ಲೇ ನೆಲೆಸಿ, ಕೆಲಸ ಮಾಡುವ ಅನುಮತಿ ಇದ್ದು, ನಡುವಯಸ್ಸಿನಲ್ಲಿ ಹೊಸ ವೃತ್ತಿ ಹುಡುಕುತ್ತಿರುವವರಿಗೆ ಕಮ್ಯುನಿಟಿ ಕಾಲೇಜಿನ ಎಲ್‌ಪಿಎನ್ ಕೋರ್ಸು ಮರ್ಯಾದೆಯ ಆರಂಭ. ಶುಲ್ಕ ಕಟ್ಟುವ ಮೊದಲು, ಈ ಕ್ರೆಡಿಟ್‌ಗಳನ್ನು ಯಾವ ಯಾವ ಆರ್‌ಎನ್ ಕಾಲೇಜು ಒಪ್ಪುತ್ತದೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.