ಚಿಯಾ ಬೀಜ: ಕಾರವಾರ–ಅಂಕೋಲೆಯ ಆಹಾರದಲ್ಲಿ

ಚಿಯಾ ತುಳಸಿ, ಪುದೀನ, ಕಾಮಕಸ್ತೂರಿಗಳ ಕುಟುಂಬಕ್ಕೆ (ಲ್ಯಾಮಿಯೇಸಿ) ಸೇರಿದ ಒಂದು ವಾರ್ಷಿಕ ಸಸ್ಯ. ವೈಜ್ಞಾನಿಕ ಹೆಸರು ಸಾಲ್ವಿಯ ಹಿಸ್ಪಾನಿಕ. ಮೆಕ್ಸಿಕೊ ದೇಶದ ಮಧ್ಯ ಮತ್ತು ದಕ್ಷಿಣ ಭಾಗಗಳು ಹಾಗೂ ಗ್ವಾಟೆಮಾಲ ಇದರ ತವರು. ಒಂದು ಮೀಟರಿನಷ್ಟೋ ಇನ್ನೂ ತುಸು ಹೆಚ್ಚೋ ಬೆಳೆಯುವ ಗಿಡದ ತುದಿಗೆ ನೇರಳೆ ಇಲ್ಲವೆ ಬಿಳಿ ಹೂವಿನ ತೆನೆ ಬರುತ್ತದೆ. ಆಹಾರಕ್ಕೆ ಬಳಸುವುದು ಅದರ ಬೀಜವನ್ನು: ಸುಮಾರು 2 ಮಿ.ಮೀ. ಉದ್ದ, ಮೊಟ್ಟೆಯಾಕಾರ, ಬೂದು ಬಣ್ಣದ ಮೇಲೆ ಕಂದು-ಕಪ್ಪು ಗೆರೆ. ಬಿಳಿಯ ಬಗೆಯೂ ಉಂಟು. ಕನ್ನಡದಲ್ಲಿ ಇದಕ್ಕೆ ಹಳೆಯ ಹೆಸರಿಲ್ಲ. ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲೆಗಳಲ್ಲಿ ಇದು ಪರಿಚಿತವಾಗಿರುವುದು ಗದ್ದೆಯ ಬೆಳೆಯಾಗಿ ಅಲ್ಲ, ಅಂಗಡಿಯ ಪ್ಯಾಕೆಟ್ಟಿನ ಸರಕಾಗಿ. ಆದರೂ ಈ ಕರಾವಳಿಯಲ್ಲಿ ಅದರ ಚರಿತ್ರೆಯನ್ನು ಪ್ರತ್ಯೇಕವಾಗಿ ಹೇಳಲು ಕಾರಣವಿದೆ. ಚಿಯಾ ಮಾಡುತ್ತದೆಂದು ಹೇಳುವ ಕೆಲಸಗಳನ್ನೆಲ್ಲ ಇಲ್ಲಿ ಬೇರೆ ಎರಡು ಬೀಜಗಳೂ ಎರಡು ಮೀನುಗಳೂ, ಘಟ್ಟದಾಚೆ ಇನ್ನೊಂದು ಬೀಜವೂ ಮೊದಲೇ ಹಂಚಿಕೊಂಡು ಮಾಡುತ್ತಿದ್ದವು.

ತವರು ಮತ್ತು ತಡವಾದ ಪಯಣ

ಅಜ್ಟೆಕರ ಕಾಲದಲ್ಲಿ ಮೆಕ್ಕೆಜೋಳ, ಬೀನ್ಸುಗಳ ಜೊತೆಗೆ ಚಿಯಾ ನಿತ್ಯದ ಆಹಾರವಾಗಿತ್ತು. ಅವರ ನಾವಾಟ್ಲ್ ಭಾಷೆಯ ‘ಚಿಯಾನ್’ ಎಂಬ ಪದವೇ ಇಂದಿನ ಹೆಸರಿನ ಮೂಲ. ಅಧೀನ ಊರುಗಳು ರಾಜಧಾನಿಗೆ ಕಪ್ಪವಾಗಿ ಚಿಯಾ ಸಲ್ಲಿಸುತ್ತಿದ್ದುದನ್ನು 1541ರ ಆಸುಪಾಸಿನಲ್ಲಿ ಸಿದ್ಧವಾದ ಮೆಂಡೋಸಾ ಚಿತ್ರಸಂಪುಟ ದಾಖಲಿಸಿದೆ. ಬೆರ್ನಾರ್ದಿನೊ ದೆ ಸಹಗೂನ್ ಎಂಬ ಪಾದ್ರಿ ಬರೆಸಿದ ಹದಿನಾರನೆಯ ಶತಮಾನದ ಬೃಹತ್ ಗ್ರಂಥದಲ್ಲಿ ಅದರ ಪಾನಕ, ಎಣ್ಣೆ, ಔಷಧಿಗಳ ವಿವರ ಸಿಗುತ್ತದೆ. 1521ರಲ್ಲಿ ಸ್ಪೇನಿನವರು ಅಜ್ಟೆಕ್ ರಾಜಧಾನಿಯನ್ನು ಗೆದ್ದ ಮೇಲೆ ಹೊಲಗಳ ಚಹರೆ ಬದಲಾಯಿತು. ಗೆದ್ದವರಿಗೆ ಬೇಕಾದ ಗೋಧಿ, ಬಾರ್ಲಿ ಬಂದವು. ಚಿಯಾ ಹಳ್ಳಿಗಳ ನಿಂಬೆ ಪಾನಕಕ್ಕೆ ಸೀಮಿತವಾಯಿತು. 1753ರಲ್ಲಿ ಲಿನೇಯಸ್ ಅದಕ್ಕೆ ‘ಹಿಸ್ಪಾನಿಕ’, ಅಂದರೆ ಸ್ಪೇನಿನದು, ಎಂದು ಹೆಸರಿಟ್ಟ. ತನ್ನನ್ನು ಮೂಲೆಗೆ ತಳ್ಳಿದವರ ಹೆಸರನ್ನೇ ಹೊತ್ತು ತಿರುಗುವ ಪಾಡು ಆ ಗಿಡದ್ದು.

ಇಲ್ಲಿ ಕಾರವಾರದ ಓದುಗರಿಗೆ ಒಂದು ಪ್ರಶ್ನೆ ಏಳಬೇಕು. ಕಾಳಿ ನದಿ ದಾಟಿ ಸ್ವಲ್ಪ ದೂರ ಹೋದರೆ ಗೋವಾ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿದ ನಂತರ ಅಮೆರಿಕ ಖಂಡದ ಗಿಡಗಳು ಈ ತೀರಕ್ಕೆ ಸಾಲಾಗಿ ಬಂದವು. ಗೇರು, ಅನಾನಸು, ಪೇರಳೆ, ಪಪ್ಪಾಯಿ, ಮೆಣಸಿನಕಾಯಿ ಎಲ್ಲ ಹಾಗೆ ಬಂದವು. ಕೆಂಪು ಮೆಣಸಿಲ್ಲದ ಕಾರವಾರದ ಮೀನಿನ ಆಮಟಿಯನ್ನು ಇವತ್ತು ಊಹಿಸಲಾದೀತೆ? ಅಷ್ಟೆಲ್ಲ ಬಂದಾಗ ಚಿಯಾ ಏಕೆ ಬರಲಿಲ್ಲ? ಪೋರ್ಚುಗೀಸರ ಹಿಡಿತವಿದ್ದದ್ದು ಬ್ರೆಜಿಲಿನ ಮೇಲೆ. ಚಿಯಾ ಬೆಳೆಯುತ್ತಿದ್ದ ಮೆಕ್ಸಿಕೊದ ಒಳನಾಡು ಸ್ಪೇನಿನವರದು, ಅಲ್ಲಿಯೂ ಅದು ಬೆಲೆ ಕಳೆದುಕೊಂಡ ಧಾನ್ಯ. ಮಾರುವವರಿಗೇ ಬೇಡವಾದದ್ದನ್ನು ಹಡಗಿಗೆ ಹೇರುವವರು ಯಾರು? ಇನ್ನೊಂದು ಕಾರಣವನ್ನೂ ಈ ಲೇಖಕ ಊಹಿಸುತ್ತಾನೆ: ಬಂದಿದ್ದರೂ ಇಲ್ಲಿ ಅದಕ್ಕೆ ಖಾಲಿ ಮಣೆ ಇರಲಿಲ್ಲ.

ಮೊದಲೇ ಕುಳಿತಿದ್ದ ಬೀಜಗಳು

ನೀರಿಗೆ ಹಾಕಿದರೆ ಲೋಳೆಗಟ್ಟಿ ಉಬ್ಬುವ ಬೀಜ ಎಂದರೆ ಕರಾವಳಿಯ ಹಿರಿಯರಿಗೆ ನೆನಪಾಗುವುದು ಕಾಮಕಸ್ತೂರಿ. ಪೇಟೆಯಲ್ಲಿ ಅದಕ್ಕೆ ಸಬ್ಜಾ ಎನ್ನುತ್ತಾರೆ. ಚಿಯಾದ ದೂರದ ದಾಯಾದಿ ಅದು. ಕುಟುಂಬ ಒಂದೇ, ಕುಲ ಬೇರೆ. ಚೈತ್ರ-ವೈಶಾಖದ ಉರಿಸೆಕೆಯಲ್ಲಿ ನಿಂಬೆ ಶರಬತ್ತಿಗೆ, ಸಕ್ಕರೆ ಹಾಕಿದ ತಣ್ಣನೆಯ ಹಾಲಿಗೆ, ಫಲೂದಾಕ್ಕೆ ಒಂದು ಚಮಚ ಕಾಮಕಸ್ತೂರಿ ಬೀಳುತ್ತದೆ. ದೇಹಕ್ಕೆ ತಂಪು ಎಂಬುದು ಜನರ ಮಾತು. ತಂಪು ಎಂದರೆ ಏನೆಂದು ಅಳೆಯಲು ಪ್ರಯೋಗಾಲಯಕ್ಕೆ ಸಾಧನವಿಲ್ಲ. ಆದರೆ ಬೆವರಿ ಬಂದವನು ಇಡೀ ಲೋಟ ನೀರನ್ನು ಲೋಳೆಯೊಡನೆ ನಿಧಾನವಾಗಿ ಕುಡಿದು ಮುಗಿಸುತ್ತಾನೆ ಎಂಬುದಂತೂ ಕಣ್ಣಿಗೆ ಕಾಣುವ ಲಾಭ.

ಎರಡನೆಯದು ಅಳವಿ ಬೀಜ. ಕೊಂಕಣಿ ಮತ್ತು ಮರಾಠಿ ಮನೆಗಳಲ್ಲಿ ಇದು ಅಳೀವ. ಸಾಸಿವೆಯ ಕುಟುಂಬದ ಈ ಕೆಂಪು ಬೀಜವನ್ನು ಎಳನೀರಿನಲ್ಲೋ ಹಾಲಿನಲ್ಲೋ ನೆನೆಸಿ, ತೆಂಗಿನ ತುರಿ ಮತ್ತು ಬೆಲ್ಲ ಸೇರಿಸಿ, ಸಣ್ಣ ಉರಿಯಲ್ಲಿ ಕಾಯಿಸಿ ಉಂಡೆ ಕಟ್ಟುತ್ತಾರೆ. ಬಾಣಂತಿಗೆ ಇದು ತಪ್ಪದ ತಿನಿಸು. ಬೀಜದಲ್ಲಿ ಕಬ್ಬಿಣದ ಅಂಶ ಚೆನ್ನಾಗಿದೆ; ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ದೇಹಕ್ಕೆ ಅದನ್ನು ಕೊಡುವ ಪದ್ಧತಿಯಲ್ಲಿ ಅರ್ಥವಿದೆ. ಬಸುರಿಯರಿಗೆ ಮಾತ್ರ ಹಿರಿಯ ಹೆಂಗಸರು ಇದನ್ನು ಕೊಡುವುದಿಲ್ಲ, ಉಷ್ಣ ಎನ್ನುತ್ತಾರೆ. ಕಾಮಕಸ್ತೂರಿ ತಂಪು, ಅಳವಿ ಉಷ್ಣ; ಎರಡೂ ನೀರಲ್ಲಿ ಉಬ್ಬುವ ಬೀಜಗಳೇ ಆದರೂ ಒಂದಕ್ಕೆ ಋತು ಗೊತ್ತುಮಾಡಲಾಗಿದೆ, ಇನ್ನೊಂದಕ್ಕೆ ಬದುಕಿನ ಸಂದರ್ಭ. ಚಿಯಾಕ್ಕೆ ಇಂಥ ಕಟ್ಟಳೆ ಯಾವುದೂ ಇಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ವರ್ಷವಿಡೀ, ಎಲ್ಲರಿಗೂ ಎಂದು ಪ್ಯಾಕೆಟ್ಟು ಹೇಳುತ್ತದೆ.

ಮೂರನೆಯದು ಅಗಸೆ. ಅದು ಈ ನೆಲದ್ದಲ್ಲ, ಬಯಲುಸೀಮೆಯದು. ಅರಬೈಲು ಘಟ್ಟದ ದಾರಿ ಕಾರವಾರ, ಅಂಕೋಲೆಗಳನ್ನು ಹುಬ್ಬಳ್ಳಿಗೆ ಸೇರಿಸುತ್ತದೆ. ಆ ಘಟ್ಟದ ಆಚೆ ರೊಟ್ಟಿಯ ಜೊತೆ ಅಗಸೆ ಚಟ್ನಿಪುಡಿ ಉಣ್ಣುವ ನಾಡಿದೆ. ಕರಾವಳಿಯಲ್ಲಿ ಅನ್ನ-ಗಂಜಿಯೇ ಊಟವಾದ್ದರಿಂದ ಅಗಸೆ ಪುಡಿ ಇಲ್ಲಿ ಬೇರುಬಿಡಲಿಲ್ಲ. ಆದರೆ ಪೋಷಕಾಂಶದ ಲೆಕ್ಕದಲ್ಲಿ ಚಿಯಾಕ್ಕೆ ಸರಿಸಾಟಿ ಯಾವುದು ಎಂದು ಕೇಳಿದರೆ ಮೊದಲು ಹೆಸರಿಸಬೇಕಾದದ್ದು ಅದನ್ನೇ.

ಘಟ್ಟ ಇಳಿದು ಬಂದದ್ದು

1991ರಲ್ಲಿ ಅರ್ಜೆಂಟೀನದ ವಾಯವ್ಯ ಭಾಗದಲ್ಲಿ ರೈತರಿಗೆ ಹೊಸ ಬೆಳೆ ಹುಡುಕುವ ಯೋಜನೆಯೊಂದು ಆರಂಭವಾಯಿತು. ವೇಯ್ನ್ ಕೋಟ್ಸ್, ರಿಕಾರ್ಡೊ ಅಯೆರ್ಸಾ ಮೊದಲಾದ ಸಂಶೋಧಕರು ಚಿಯಾವನ್ನು ಮತ್ತೆ ಬೆಳಕಿಗೆ ತಂದದ್ದು ಅಲ್ಲಿಂದ. ಬೊಲಿವಿಯ, ಪರಾಗ್ವೆ, ಆಸ್ಟ್ರೇಲಿಯಗಳಿಗೆ ಬೆಳೆ ಹಬ್ಬಿತು. 2009ರಲ್ಲಿ ಯುರೋಪಿನ ಒಕ್ಕೂಟ ಚಿಯಾವನ್ನು ಬ್ರೆಡ್ಡಿನಲ್ಲಿ ಬಳಸಲು ‘ಹೊಸ ಆಹಾರ’ ಎಂದು ಒಪ್ಪಿಗೆ ಕೊಟ್ಟಿತು. ಅಜ್ಟೆಕರ ಕಪ್ಪದ ಧಾನ್ಯ ಹೊಸ ಆಹಾರವಾದದ್ದು ಹೀಗೆ.

ಕರ್ನಾಟಕದಲ್ಲಿ ಇದರ ಚರಿತ್ರೆ ಮೈಸೂರಿನಿಂದ ಶುರುವಾಗುತ್ತದೆ. 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) 2010ರ ದಶಕದಲ್ಲಿ ಚಿಯಾ ಬೇಸಾಯದ ಪ್ರಯೋಗ ನಡೆಸಿ, ಮೈಸೂರು ಭಾಗದ ರೈತರಿಗೆ ಬೀಜವನ್ನೂ ಮಾಹಿತಿಯನ್ನೂ ಒದಗಿಸಿತು. ಮುಂದೆ ಚಿಯಾಂಪಿಯನ್ ಬಿ-1 ಎಂಬ ಕಪ್ಪು ಬೀಜದ ತಳಿಯನ್ನೂ ಚಿಯಾಂಪಿಯನ್ ಡಬ್ಲ್ಯು-83 ಎಂಬ ಬಿಳಿ ಬೀಜದ ತಳಿಯನ್ನೂ ಹೊರತಂದಿತು. ಹೆಗ್ಗಡದೇವನಕೋಟೆಯ ಕಡೆ ಹೊಲಗಳಲ್ಲಿ ನೇರಳೆ ತೆನೆಗಳು ಕಾಣಿಸಿಕೊಂಡವು. ಹಗಲು ಕಿರಿದಾಗುತ್ತ ಬಂದಾಗಷ್ಟೇ ಹೂಬಿಡುವ ಗಿಡವಿದು. ಆದ್ದರಿಂದ ಮುಂಗಾರು ಹಿಂದೆ ಸರಿಯುವ ಹೊತ್ತಿಗೆ ಬಿತ್ತಿ, ಮೂರು-ನಾಲ್ಕು ತಿಂಗಳಲ್ಲಿ ಕೊಯ್ಯುತ್ತಾರೆ. ಎಲೆಯ ಘಾಟಿನಿಂದಾಗಿ ಕೀಟಗಳ ಕಾಟ ಕಡಿಮೆ, ನೀರೂ ಹೆಚ್ಚು ಬೇಡ. ಮಧ್ಯಪ್ರದೇಶದ ನೀಮಚ್ ಮಂಡಿ ಈಗ ದೇಶದಲ್ಲಿ ಚಿಯಾ ವಹಿವಾಟಿನ ದೊಡ್ಡ ಕೇಂದ್ರಗಳಲ್ಲೊಂದು. ಅಳವಿ ಬೀಜವೂ ಅದೇ ಮಂಡಿಯಲ್ಲಿ ಹರಾಜಾಗುತ್ತದೆ.

ಕಾರವಾರದ ಕಡೆ ಮಾತ್ರ ಈ ಬೆಳೆಗೆ ಜಾಗ ಸಿಕ್ಕಿಲ್ಲ. ಇಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ, ಮಳೆಗಾಲದಲ್ಲಿ ಗದ್ದೆ ಭತ್ತಕ್ಕೆ. ಭತ್ತ ಕೊಯ್ದ ಗದ್ದೆ ಖಾಲಿಯಾದ ಮೇಲೆ ಅಂಕೋಲೆಯ ರೈತರು ಶೇಂಗಾ, ಅಲಸಂದೆ, ಹರಿವೆ, ಮೂಲಂಗಿಗಳಿಗೆ ಇಳಿಯುತ್ತಾರೆ. ಹಾಲಕ್ಕಿ ಒಕ್ಕಲಿಗ ಹೆಂಗಸರು ಬೆಳೆದು ತರುವ ಕಾಯಿಪಲ್ಲೆಗೆ ಕಾರವಾರದ ಭಾನುವಾರದ ಸಂತೆಯಲ್ಲಿ ಗಿರಾಕಿಗಳಿದ್ದಾರೆ. ಅದೇ ತಿಂಗಳುಗಳಲ್ಲಿ, ಅದೇ ಮಣ್ಣಿಗೆ ಪೈಪೋಟಿ ಮಾಡಬೇಕಾದ ಚಿಯಾ ಈ ಗದ್ದೆಗಳಿಗೆ ಇಳಿಯುವ ಕಾರಣ ಸದ್ಯಕ್ಕೆ ಕಾಣುವುದಿಲ್ಲ.

ಗುಣಗಳು

ನೂರು ಗ್ರಾಂ ಒಣ ಚಿಯಾದಲ್ಲಿ ಸುಮಾರು 486 ಕಿಲೊಕ್ಯಾಲರಿ, 16.5 ಗ್ರಾಂ ಪ್ರೋಟೀನ್, 31 ಗ್ರಾಂ ಕೊಬ್ಬು, 34 ಗ್ರಾಂ ನಾರು, 631 ಮಿ.ಗ್ರಾಂ ಕ್ಯಾಲ್ಸಿಯಂ ಇವೆ. ಅಂಕಿಗಳು ದೊಡ್ಡವು. ಆದರೆ ನೂರು ಗ್ರಾಂ ಯಾರೂ ತಿನ್ನುವುದಿಲ್ಲ. ದೊಡ್ಡ ಚಮಚದಲ್ಲಿ ಹಿಡಿಯುವ 12 ಗ್ರಾಂ ಲೆಕ್ಕ ಹಾಕಿದರೆ 58 ಕಿಲೊಕ್ಯಾಲರಿ, 4 ಗ್ರಾಂ ನಾರು, 76 ಮಿ.ಗ್ರಾಂ ಕ್ಯಾಲ್ಸಿಯಂ, ಸರಿಸುಮಾರು 2 ಗ್ರಾಂ ಆಲ್ಫಾ ಲಿನೊಲೆನಿಕ್ ಆಮ್ಲ ಸಿಗುತ್ತದೆ. ಕ್ಯಾಲ್ಸಿಯಂ ಮಾತಿಗೆ ಚಿಯಾಕ್ಕಿಂತ ಎಳ್ಳು ಮುಂದಿದೆ. ನಾರಿನ ವಿಷಯದಲ್ಲಿ ಮಾತ್ರ ಚಿಯಾದ ಹೆಮ್ಮೆ ಸುಳ್ಳಲ್ಲ: ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನಕ್ಕೆ ಹೊಂದಿಕೊಂಡ ಹೊಟ್ಟೆಗೆ 4 ಗ್ರಾಂ ನಾರು ಸಣ್ಣ ಸೇರ್ಪಡೆಯೇನಲ್ಲ. ಬೀಜ ತನ್ನ ತೂಕದ ಹತ್ತು-ಹನ್ನೆರಡು ಪಟ್ಟು ನೀರು ಹೀರಿ ಲೋಳೆಯಾಗುತ್ತದೆ. ಆ ಲೋಳೆ ಮಲಬದ್ಧತೆಯನ್ನು ಸಡಿಲಿಸುತ್ತದೆ, ಊಟದ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ.

ತೂಕ ಇಳಿಯುತ್ತದೆಯೇ ಎಂಬುದೇ ಹೆಚ್ಚಿನವರ ಪ್ರಶ್ನೆ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಪ್ಪಗಿದ್ದವರಿಗೆ ದಿನಕ್ಕೆ 50 ಗ್ರಾಂನಂತೆ 12 ವಾರ ಚಿಯಾ ಕೊಟ್ಟರೂ ತೂಕ ಕದಲಲಿಲ್ಲ. 2017ರಲ್ಲಿ ಕೆನಡಾದ ವುಕ್ಸಾನ್ ತಂಡ ಎರಡನೆಯ ಬಗೆಯ ಮಧುಮೇಹವಿದ್ದ 77 ಮಂದಿಯನ್ನು ಆರು ತಿಂಗಳು ಗಮನಿಸಿತು. ಕಡಿಮೆ ಕ್ಯಾಲರಿಯ ಊಟದ ಜೊತೆ ಚಿಯಾ ತಿಂದವರು ಸರಾಸರಿ 1.9 ಕಿಲೊ ಇಳಿದರು, ಉಳಿದವರು 0.3 ಕಿಲೊ. ಅದೇ ತಂಡ 2007ರಲ್ಲಿ ವರದಿ ಮಾಡಿದ 20 ಮಧುಮೇಹಿಗಳ ಅಧ್ಯಯನದಲ್ಲಿ ಮೇಲಿನ ರಕ್ತದೊತ್ತಡ 6 ಅಂಕದಷ್ಟು ತಗ್ಗಿತ್ತು. ಪ್ರಯೋಗಗಳು ಚಿಕ್ಕವು, ಅವುಗಳಿಂದ ಪವಾಡದ ಮಾತು ಹುಟ್ಟಬಾರದಿತ್ತು.

ಇನ್ನು ಒಮೆಗಾ-3. ಚಿಯಾದ ಜಾಹೀರಾತೆಲ್ಲ ಇದರ ಮೇಲೆ ನಿಂತಿದೆ, ಕಾರವಾರದಲ್ಲಿ ಅದು ಎಡವುವುದೂ ಇಲ್ಲಿಯೇ. ಚಿಯಾ ಕೊಡುವುದು ಆಲ್ಫಾ ಲಿನೊಲೆನಿಕ್ ಆಮ್ಲವನ್ನು. ಹೃದಯ, ಮಿದುಳುಗಳಿಗೆ ನೇರವಾಗಿ ಒದಗುವ ಇಪಿಎ, ಡಿಎಚ್‌ಎ ಎಂಬ ಉದ್ದ ಸರಪಳಿಯ ಆಮ್ಲಗಳು ಅದರಲ್ಲಿಲ್ಲ. ನಮ್ಮ ಶರೀರ ಮೊದಲನೆಯದನ್ನು ಇವಾಗಿ ಮಾರ್ಪಡಿಸಬಲ್ಲದು, ಆದರೆ ಇಪಿಎ ಆಗುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ, ಡಿಎಚ್‌ಎ ಆಗುವುದು ತೀರ ಅತ್ಯಲ್ಪ. ತಾರ್ಲೆ, ಬಂಗಡೆ ಮೀನುಗಳಲ್ಲಿ ಈ ಎರಡೂ ಸಿದ್ಧರೂಪದಲ್ಲೇ ಇವೆ. ಮಳೆಗಾಲ ಕಳೆದು ಬರುವ ತಾರ್ಲೆಯಲ್ಲಿ ಎಣ್ಣೆ ತುಂಬಿರುತ್ತದೆ. ಬಲೆ ತುಂಬಿ ಹೆಚ್ಚಾದ ತಾರ್ಲೆಯನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕಿದ ತೀರವಿದು. ಎರಡು ತಾರ್ಲೆ ಹುರಿದು ಉಂಡವನಿಗೆ ಒಮೆಗಾ-3ಕ್ಕಾಗಿ ಚಿಯಾ ತಿನ್ನು ಎನ್ನುವುದು ಕಾಳಿ ನದಿಯ ದಡದವನಿಗೆ ಬಾಟಲಿ ನೀರು ಮಾರಿದಂತೆ.

ಹಾಗೆಂದು ಎಲ್ಲರ ತಟ್ಟೆಯಲ್ಲೂ ಮೀನಿಲ್ಲ. ಹವ್ಯಕರಂಥ ಸಸ್ಯಾಹಾರಿ ಮನೆಗಳಿವೆ. ಶ್ರಾವಣದಲ್ಲಿ ಮೀನು ಬಿಡುವವರೂ ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಹಸಿ ಮೀನು ದುಬಾರಿ, ಅಡುಗೆಮನೆ ಒಣಮೀನಿನ ಮೇಲೆ ನಡೆಯುತ್ತದೆ. ಬಿಸಿಲು-ಗಾಳಿಗೆ ಒಣಗುವಾಗ ಮೀನಿನ ಸೂಕ್ಷ್ಮ ಕೊಬ್ಬು ಒಂದಿಷ್ಟು ಕೆಡುತ್ತದೆ. ಈ ಜನಕ್ಕೆ, ಈ ತಿಂಗಳುಗಳಿಗೆ ಚಿಯಾ ಉಪಯುಕ್ತವೇ. ಆದರೆ ನೂರು ಗ್ರಾಂ ಚಿಯಾದಲ್ಲಿ ಸುಮಾರು 17.8 ಗ್ರಾಂ ಇರುವ ಆಲ್ಫಾ ಲಿನೊಲೆನಿಕ್ ಆಮ್ಲ ಅಗಸೆಯಲ್ಲಿ 22.8 ಗ್ರಾಂ ಇದೆ, ಕಾಮಕಸ್ತೂರಿ ಬೀಜದ ಎಣ್ಣೆಯಲ್ಲೂ ಅರ್ಧದ ಆಸುಪಾಸು ಅದೇ ಇದೆ.

ಬಳಕೆ, ಎಚ್ಚರ

ಅಂಗಡಿಗಳಲ್ಲಿ ಚಿಯಾ ಮತ್ತು ಸಬ್ಜಾ ಅದಲುಬದಲಾಗುವುದು ಸಾಮಾನ್ಯ. ಒಂದೇ ಕಪ್ಪು ಬಣ್ಣವಿದ್ದು ಒಂದು ತುದಿ ಚೂಪಾಗಿದ್ದರೆ ಸಬ್ಜಾ. ಗೆರೆ-ಚುಕ್ಕೆಯಿದ್ದು ನುಣುಪಾಗಿದ್ದರೆ ಚಿಯಾ. ಅನುಮಾನವಿದ್ದರೆ ಲೋಟದ ನೀರೇ ಸಾಕ್ಷಿ. ಸಬ್ಜಾ ಕೆಲವೇ ನಿಮಿಷಗಳಲ್ಲಿ ಬಿಡಿಬಿಡಿಯಾಗಿ, ಕಪ್ಪೆಯ ಮೊಟ್ಟೆಯಂತೆ ಉಬ್ಬುತ್ತದೆ. ಚಿಯಾ ಅರ್ಧ ಗಂಟೆ ತೆಗೆದುಕೊಂಡು ಇಡೀ ಲೋಟವನ್ನೇ ಗಂಜಿಯ ತಿಳಿಯಂತೆ ಮಂದ ಮಾಡುತ್ತದೆ. ಮಜ್ಜಿಗೆ, ರಾಗಿ ಅಂಬಲಿ, ಹಣ್ಣಿನ ರಸ ಯಾವುದಕ್ಕೂ ಅದು ಹೊಂದುತ್ತದೆ, ಏಕೆಂದರೆ ಅದಕ್ಕೆ ಸ್ವಂತದ ರುಚಿಯಿಲ್ಲ.

ಒಣ ಬೀಜವನ್ನು ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿಯುವುದು ಅಪಾಯ. 2014ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಪ್ರಕರಣದಲ್ಲಿ 39 ವರ್ಷದ ವ್ಯಕ್ತಿಯೊಬ್ಬ ಒಂದು ಚಮಚ ಹಾಗೆ ನುಂಗಿ, ಬೀಜ ಅನ್ನನಾಳದಲ್ಲೇ ಉಬ್ಬಿ ಕಟ್ಟಿಕೊಂಡು ಆಸ್ಪತ್ರೆ ಸೇರಿದ್ದ. ನುಂಗಲು ತೊಂದರೆ ಇರುವವರು ಇದರಿಂದ ದೂರವಿರಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಶುರುಮಾಡುವುದು ಲೇಸು. ನಾರಿನ ರೂಢಿಯಿಲ್ಲದ ಹೊಟ್ಟೆ ಮೊದಲ ದಿನಗಳಲ್ಲಿ ಉಬ್ಬರಿಸುತ್ತದೆ, ಅರ್ಧ ಚಮಚದಿಂದ ಮೊದಲುಮಾಡಬಹುದು.

ಇಡೀ ಬೀಜ ತಿಂದರೆ ನಾರಿನ ಲಾಭ ಸಿಗುತ್ತದೆ, ಒಳಗಿನ ಎಣ್ಣೆ ಪೂರ್ತಿ ಸಿಗುವುದಿಲ್ಲ. ಮುಟ್ಟು ನಿಂತ ಮಹಿಳೆಯರ ಮೇಲೆ ಹತ್ತು ವಾರ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 25 ಗ್ರಾಂ ಪುಡಿ ತಿಂದವರ ರಕ್ತದಲ್ಲಿ ಇಪಿಎ ಏರಿತು, ಇಡೀ ಬೀಜ ತಿಂದವರಲ್ಲಿ ಏರಲಿಲ್ಲ. ಡಿಎಚ್‌ಎ ಯಾರಲ್ಲೂ ಹೆಚ್ಚಲಿಲ್ಲ. ಎಣ್ಣೆಗಾಗಿ ತಿನ್ನುವವರು ಪುಡಿ ಮಾಡಿಕೊಳ್ಳಬೇಕು. ಸಿಪ್ಪೆಯೊಳಗೆ ತಿಂಗಳುಗಟ್ಟಲೆ ಕೆಡದೆ ಇರುವ ಎಣ್ಣೆ ಪುಡಿಯಾದೊಡನೆ ಗಾಳಿಗೆ ತೆರೆದುಕೊಂಡು ಕಮಟಾಗತೊಡಗುತ್ತದೆ. ಹಪ್ಪಳವೂ ಮೆತ್ತಗಾಗುವ ಕಾರವಾರದ ಆಷಾಢದಲ್ಲಿ ವಾರಕ್ಕೆ ಸಾಕಾಗುವಷ್ಟನ್ನೇ ಪುಡಿಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನೊಳಗಿಡುತ್ತಾರೆ.