ಮಾತ್ರೆಯ ದಾರಿ

ಬೆಂಗಳೂರಿನ ದಂಡು ಪ್ರದೇಶದ ಆರೋಗ್ಯದ ಕಥೆ ಹೇಳುವವರು ಪ್ಲೇಗಿನಿಂದಲೇ ಆರಂಭಿಸುತ್ತಾರೆ. 1898ರಲ್ಲಿ ಆ ಪಿಡುಗು ಬಂದಾಗ ಜನ ಮನೆ ಬಿಟ್ಟು ಬಯಲಿಗೆ ಹೋದರು. ಅನಂತರ ಇಕ್ಕಟ್ಟಿನ ಗಲ್ಲಿಗಳ ಬದಲು ಗಾಳಿ ಬೆಳಕು ಬರುವ ಫ್ರೇಜರ್ ಟೌನ್ ಎದ್ದಿತು. ಹಳೆ ಮದ್ರಾಸ್ ರಸ್ತೆಯಲ್ಲಿ ಸಾಂಕ್ರಾಮಿಕ ರೋಗಗಳಿಗೆಂದೇ ಆಸ್ಪತ್ರೆ ನಡೆಯಿತು. ಭಯ ಹುಟ್ಟಿದಾಗ ಆಳುವವರ ಕೈ ಬಿಚ್ಚುತ್ತದೆ.

ಆದರೆ ನಿಧಾನವಾಗಿ ಸವೆಸುವ ಕಾಯಿಲೆಗಳು ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. 1860ರ ದಶಕದಲ್ಲಿ ಕಮಿಷನರ್ ಬೌರಿಂಗ್ ಅವರ ಹೆಸರಿನಲ್ಲಿ ಶಿವಾಜಿನಗರದ ದೊಡ್ಡಾಸ್ಪತ್ರೆ ಹುಟ್ಟಿತು. ಇಂದಿಗೂ ಈ ಭಾಗದ ಬಡವರಿಗೆ ಅದೇ ಆಸರೆ. ಆದರೆ ಹತ್ತಿಪ್ಪತ್ತು ವರ್ಷ ಜೊತೆಗಿರುವ ಕಾಯಿಲೆಗೆ ಹಾಸಿಗೆಗಿಂತ ಹೆಚ್ಚಾಗಿ ಬೇಕಾದದ್ದು ಮನೆಯ ಹತ್ತಿರ ತಪ್ಪದೆ ಸಿಗುವ ಔಷಧ.

ಈ ಸತ್ಯವನ್ನು ನಮಗೆ ಮೊದಲು ಕಲಿಸಿದ್ದು ಕ್ಷಯ. ಒಂದು ಕಾಲಕ್ಕೆ ಕ್ಷಯವೆಂದರೆ ಸ್ಯಾನಟೋರಿಯಂ, ತಿಂಗಳುಗಟ್ಟಲೆ ವಿಶ್ರಾಂತಿ, ಹಾಲು ಮೊಟ್ಟೆ. ದಿನಗೂಲಿಯವನಿಗೆ ಅದೆಲ್ಲ ಎಲ್ಲಿಂದ ಬರಬೇಕು? ಮನೆಯಲ್ಲೇ ಇದ್ದು ಮಾತ್ರೆ ನುಂಗಿದವರೂ ಸ್ಯಾನಟೋರಿಯಂನವರಷ್ಟೇ ಗುಣವಾಗುತ್ತಾರೆಂದು ಮದರಾಸಿನ ಅಧ್ಯಯನವೊಂದು 1959ರಲ್ಲಿ ತೋರಿಸಿತು. ಅದೇ ವರ್ಷ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು.

ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತಾಡಿಸಿದರು. ಹಳ್ಳಿಗರಿಗೆ ತಿಳಿವಳಿಕೆಯಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಆಗ ಸಾಮಾನ್ಯವಾಗಿತ್ತು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಬೇರೆಯೇ ಕಥೆ ಹೇಳಿತು: ಬಹುತೇಕರಿಗೆ ತಮ್ಮ ಕೆಮ್ಮು, ಜ್ವರದ ಅರಿವಿತ್ತು, ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿ ಹೋಗಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧ ಮಾತ್ರ. ತಪ್ಪಿದ್ದು ರೋಗಿಯಲ್ಲ, ವ್ಯವಸ್ಥೆ. 1962ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಇಂಥ ಅರಿವೇ ತಳಹದಿ. ಆದರೂ ಮಾತ್ರೆ ನಿಲ್ಲಿಸಿದವನನ್ನು ವೈದ್ಯಲೋಕ ದಶಕಗಳ ಕಾಲ 'ಡಿಫಾಲ್ಟರ್' ಎಂದೇ ಕರೆಯಿತು, ಸಾಲ ತೀರಿಸದವನಂತೆ. ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಕೈಬಿಟ್ಟದ್ದು 2013ರಲ್ಲಿ.

ಇಂದು ಆ ಜಾಗದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ರೋಗ ಬಂದು ಕೂತಿವೆ. ನಮ್ಮ ಖಾಲಾ ಮಾತ್ರೆಯನ್ನು ಎರಡು ತುಂಡು ಮಾಡಿ ನುಂಗುತ್ತಿದ್ದರು. ಕೇಳಿದರೆ, "ತಿಂಗಳ ಕೊನೆ, ಬೇಟಾ" ಎನ್ನುತ್ತಿದ್ದರು. ಅವರನ್ನು ನಿರ್ಲಕ್ಷ್ಯದ ರೋಗಿ ಎನ್ನುವುದು ಸುಲಭ. 2018ರಿಂದ ಆಯುಷ್ಮಾನ್ ಭಾರತ್ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ವೆಚ್ಚ ಭರಿಸುತ್ತದೆ, ಆದರೆ ತಿಂಗಳ ಮಾತ್ರೆಯ ಅಂಗಡಿ ಬಿಲ್ಲನ್ನು ಭರಿಸುವುದಿಲ್ಲ. ಕಾಲು ಕೊಳೆತು ದಾಖಲಾದರೆ ಹಣ ಉಂಟು, ಕೊಳೆಯದಂತೆ ತಡೆಯುವ ಗುಳಿಗೆಗೆ ಇಲ್ಲ.

2022ರಲ್ಲಿ ವಾರ್ಡುಗಳಲ್ಲಿ ನಮ್ಮ ಕ್ಲಿನಿಕ್‌ಗಳು ತೆರೆದವು. 2024ರಲ್ಲಿ ಮನೆಬಾಗಿಲಲ್ಲೇ ತಪಾಸಣೆ ಮಾಡುವ ಗೃಹ ಆರೋಗ್ಯ ಬಂತು. ದಾರಿ ಸರಿಯಿದೆ. ಆದರೆ ರೋಗ ಪತ್ತೆ ಮಾಡಿ ಕೈಬಿಟ್ಟರೆ ತುಮಕೂರಿನ ಕೆಮ್ಮಿನ ಔಷಧದ ಕಥೆಯೇ ಮರುಕಳಿಸುತ್ತದೆ. ಕೆ.ಆರ್. ಪುರದ ಗಾರೆ ಕೆಲಸದವನು, ಹಲಸೂರಿನ ಮನೆಗೆಲಸದವಳು ಒಂದು ದಿನದ ಕೂಲಿ ಕಳೆದುಕೊಳ್ಳದೆ ಸಂಜೆ ಹೋಗಿ ಇಡೀ ತಿಂಗಳ ಮಾತ್ರೆಯನ್ನು ಉಚಿತವಾಗಿ ತರುವಂತಾಗಬೇಕು. ವಿಮೆ ಹೊರರೋಗಿಯ ಔಷಧಕ್ಕೂ ಅನ್ವಯಿಸಬೇಕು. ಯಾರಾದರೂ ಬರುವುದು ನಿಲ್ಲಿಸಿದರೆ ಬೈಯುವ ಮೊದಲು ಒಬ್ಬರು ಮನೆಗೆ ಹೋಗಿ, ಯಾಕೆ ಬರಲಿಲ್ಲವೆಂದು ಕೇಳಬೇಕು.